ಏಡಿಯ ತತ್ತಿ ಮತ್ತು ಉದ್ದಿಮೆಯ ಮೂಲಧನ

ಕಾಲುವೆಯ ನೀರು ಬಂದ ಮೇಲೆ ರಾಯಚೂರು ಜಿಲ್ಲೆಯ ವ್ಯಾಪಾರದ ಸ್ವರೂಪವೇ ಬದಲಾಯಿತೆಂಬುದು ನಮ್ಮ ಸದಸ್ಯರಿಗೆ ತಿಳಿದ ವಿಷಯ. ಮಾನ್ವಿ ತಾಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆ ಹರಿಯಿತು; ಅನಂತರದ ದಶಕಗಳಲ್ಲಿ ದೇವದುರ್ಗದ ಎರೆ ಭೂಮಿಗೆ ನಾರಾಯಣಪುರ ಬಲದಂಡೆ ಕಾಲುವೆ ತಲುಪಿತು. ಜೋಳ, ಹತ್ತಿ, ಶೇಂಗಾಗಳ ಜೊತೆಗೆ ಭತ್ತ ಬಂದಿತು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು, ಅವುಗಳ ಬೆನ್ನಿಗೆ ಮೀನಿನ ಹೊಂಡಗಳು ಬಂದವು. ನೀರಿನ ಮೇಲೆ ಹಣ ಹೂಡುವ ಅಭ್ಯಾಸ ನಮ್ಮವರಿಗೆ ಈಗ ಹೊಸತಲ್ಲ. ಆದ್ದರಿಂದಲೇ ನೀರಿನಿಂದ ಬರುವ ಪ್ರತಿಯೊಂದು ಹೊಸ ಯೋಜನೆಗೂ ನಮ್ಮಲ್ಲಿ ಕಿವಿಗೊಡುವವರಿದ್ದಾರೆ.

ಅಂಥ ಯೋಜನೆಗಳಲ್ಲಿ ಏಡಿ ಸಾಕಣೆಯೂ ಒಂದು. ಸಲಹೆಗಾಗಿ ಲೆಕ್ಕಪರಿಶೋಧಕರ ಬಳಿಗೆ ಬರುವ ಇಂಥ ಯೋಜನಾ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ಒಂದು ಹೆಣ್ಣು ಏಡಿ ಒಂದು ಸಲಕ್ಕೆ ಹತ್ತಾರು ಲಕ್ಷ ತತ್ತಿ ಇಡುತ್ತದೆ. ಆ ಅಂಕಿಯ ಮುಂದೆ ಬದುಕುಳಿಯುವ ಶೇಕಡಾವಾರು, ತೂಕ, ದರ ಇವುಗಳನ್ನು ಗುಣಿಸಿದರೆ ಯಾವ ಬ್ಯಾಂಕಿನ ಸಾಲವೂ ಸಣ್ಣದಾಗಿ ಕಾಣುತ್ತದೆ. ಅಂಕಗಣಿತದಲ್ಲಿ ತಪ್ಪಿರುವುದಿಲ್ಲ. ತಪ್ಪು ಇರುವುದು ಅದರ ಹಿಂದಿನ ಜೀವಶಾಸ್ತ್ರದಲ್ಲಿ. ಯಾವ ಏಡಿ, ಅದರ ತತ್ತಿ ಎಲ್ಲಿ ಬಲಿಯುತ್ತದೆ, ಮರಿ ಎಲ್ಲಿ ಹುಟ್ಟುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಈ ಉದ್ದಿಮೆಯ ಲಾಭ ನಷ್ಟ ಬರೆಯಲು ಸಾಧ್ಯವಿಲ್ಲ. ಆ ಉತ್ತರಗಳನ್ನು ವ್ಯಾಪಾರಿಯ ದೃಷ್ಟಿಯಿಂದ ನೋಡುವುದೇ ಈ ಲೇಖನದ ಉದ್ದೇಶ.

ಒಂದೇ ಹೆಸರು, ಎರಡು ಪ್ರಾಣಿ

ನಾವು ಏಡಿ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಹೊರದೇಶಗಳಿಗೆ ಜೀವಂತವಾಗಿ ರಫ್ತಾಗಿ ಒಳ್ಳೆಯ ಬೆಲೆ ತರುವುದು ಕರಾವಳಿಯ ಅಳಿವೆಗಳ ಕೆಸರಿನ ಏಡಿ. ಶಾಸ್ತ್ರಜ್ಞರು ಇದನ್ನು ಸ್ಕಿಲ್ಲಾ ಎಂಬ ಕುಲಕ್ಕೆ ಸೇರಿಸುತ್ತಾರೆ. ಕಾರವಾರದ ಕಾಳಿ ಅಳಿವೆಯಿಂದ ಆಂಧ್ರದ ಕೃಷ್ಣಾ ಮುಖಜಭೂಮಿಯವರೆಗೆ, ಉಪ್ಪುನೀರು ಸಿಹಿನೀರು ಬೆರೆಯುವ ಕಡೆ ಇದರ ವಾಸ.

ಮಾನ್ವಿಯ ಗದ್ದೆಯ ಬದುವಿನಲ್ಲಿ, ದೇವದುರ್ಗದ ಹಳ್ಳಗಳ ದಂಡೆಯಲ್ಲಿ ಬಿಲ ತೋಡಿಕೊಂಡಿರುವುದು ಸಿಹಿನೀರಿನ ಏಡಿ. ದಖನ್ನಿನ ನದಿ ಕೊಳ್ಳಗಳಲ್ಲಿ ಇದರ ಮುಖ್ಯ ಕುಲ ಬ್ಯಾರಿಟೆಲ್ಫುಸಾ. ಈ ಕುಲದ ಒಂದು ಜಾತಿಯನ್ನು 1836ರಷ್ಟು ಹಿಂದೆಯೇ ಕರ್ನಲ್ ಸೈಕ್ಸ್ ಮತ್ತು ವೆಸ್ಟ್‌ವುಡ್ ಎಂಬವರು ದಖನ್ನಿನಿಂದ ವರ್ಣಿಸಿದರು. ಮೊಲದಂತೆ ಬಿಲ ತೋಡುವುದೆಂಬ ಅರ್ಥ ಬರುವ ಹೆಸರನ್ನೇ ಅದಕ್ಕೆ ಇಟ್ಟರು. ಭಾರತದ ಸಿಹಿನೀರಿನ ಏಡಿಗಳ ವಿಸ್ತಾರವಾದ ಪಟ್ಟಿಯನ್ನು ಆಲ್ಕಾಕ್ ಎಂಬ ವಿದ್ವಾಂಸರು 1910ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಮೂಲಕ ಪ್ರಕಟಿಸಿದರು. ಮುಂದೆ 1974ರಲ್ಲಿ ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದ ದಿವಾನ್ ಮತ್ತು ನಾಗಭೂಷಣಂ ಅವರು ಇದೇ ಬ್ಯಾರಿಟೆಲ್ಫುಸಾ ಏಡಿಯ ಸಂತಾನೋತ್ಪತ್ತಿಯ ವಾರ್ಷಿಕ ಚಕ್ರವನ್ನು ಅಭ್ಯಸಿಸಿ ವರದಿ ಮಾಡಿದರು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಭತ್ತದ ಗದ್ದೆಯ ಇನ್ನೊಂದು ಏಡಿಯ ಮೇಲೆ ಹಲವು ದಶಕಗಳ ಸಂಶೋಧನೆ ನಡೆದಿದೆ. ಅಂದರೆ ನಮ್ಮ ಬದುವಿನ ಪ್ರಾಣಿಯ ವಿಷಯದಲ್ಲಿ ಜ್ಞಾನದ ಕೊರತೆಯಿಲ್ಲ. ಅದು ಯೋಜನಾ ವರದಿಯ ಪುಟಗಳಿಗೆ ಬಂದು ಸೇರಿಲ್ಲ, ಅಷ್ಟೆ.

ಎರಡೂ ಏಡಿಗಳಲ್ಲಿ ಹೆಣ್ಣನ್ನು ಗುರುತಿಸುವ ಬಗೆ ಒಂದೇ. ಏಡಿಯನ್ನು ಅಂಗಾತ ಮಾಡಿದರೆ ಹೊಟ್ಟೆಯ ಮೇಲೆ ಮಡಿಸಿಕೊಂಡ ಒಂದು ಮುಚ್ಚಳ ಕಾಣುತ್ತದೆ. ಗಂಡಿನಲ್ಲಿ ಅದು ಕಿರಿದು, ಮೊನೆಯಾದದ್ದು. ಬಲಿತ ಹೆಣ್ಣಿನಲ್ಲಿ ಅಗಲವಾಗಿ, ದುಂಡಾಗಿ, ಹೊಟ್ಟೆಯನ್ನು ಪೂರ್ತಿ ಮುಚ್ಚುವಂತಿರುತ್ತದೆ. ಈ ಮುಚ್ಚಳವೇ ಮುಂದೆ ತತ್ತಿಗಳ ತೊಟ್ಟಿಲಾಗುತ್ತದೆ.

ತತ್ತಿ ತಯಾರಾಗುವ ಬಗೆ

ತತ್ತಿಯ ತಯಾರಿಕೆ ಹೆಣ್ಣು ಏಡಿಗೆ ಒಂದು ದೀರ್ಘ ಉತ್ಪಾದನಾ ಕಾರ್ಯ. ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದನ್ನು ಕಾರ್ಖಾನೆಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಏಡಿಯ ದೇಹದಲ್ಲಿ ಜೀರ್ಣಗ್ರಂಥಿಯೆಂಬ ದೊಡ್ಡ ಅಂಗವಿದೆ. ಪಿತ್ತಜನಕಾಂಗ ಮತ್ತು ಮೇದೋಜೀರಕ ಗ್ರಂಥಿ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ತಿಂದ ಆಹಾರದ ಕೊಬ್ಬು ಮತ್ತು ಸಾರ ಇಲ್ಲಿ ಸಂಗ್ರಹವಾಗುತ್ತವೆ. ಇದು ಕಚ್ಚಾ ಸಾಮಗ್ರಿಯ ಗೋದಾಮು. ಅದರ ಮೇಲ್ಭಾಗದಲ್ಲಿ ಎರಡು ಕವಲಾಗಿ ನಡುವೆ ಅಡ್ಡಪಟ್ಟಿಯಿಂದ ಕೂಡಿಕೊಂಡ ಅಂಡಾಶಯವಿದೆ.

ಮರಿಗೆ ಆಹಾರವಾಗಬೇಕಾದ ಹಳದಿ ಭಂಡಾರವನ್ನು ಕಟ್ಟಿಕೊಡುವುದು ವಿಟೆಲ್ಲೊಜೆನಿನ್ ಎಂಬ ಸಸಾರಜನಕ. ಇದು ಜೀರ್ಣಗ್ರಂಥಿಯಲ್ಲಿಯೂ ಅಂಡಾಶಯದಲ್ಲಿಯೂ ತಯಾರಾಗುತ್ತದೆ. ಜೀರ್ಣಗ್ರಂಥಿಯಲ್ಲಿ ತಯಾರಾದುದು ರಕ್ತದ ಮೂಲಕ ಸಾಗಿ ಬೆಳೆಯುತ್ತಿರುವ ಅಂಡಗಳನ್ನು ಸೇರುತ್ತದೆ. ಅಂಡಾಶಯದ ಬಣ್ಣ ಇದರ ಪ್ರಗತಿಯನ್ನು ತಿಳಿಸುತ್ತದೆ. ಮೊದಲು ಪಾರದರ್ಶಕ ಬಿಳುಪು, ಅನಂತರ ಕೆನೆಬಣ್ಣ, ಮುಂದೆ ಹಳದಿ, ಪೂರ್ಣ ಬಲಿತಾಗ ದಟ್ಟ ಕಿತ್ತಳೆ. ಆರಂಭದಲ್ಲಿ ತೆಳುವಾದ ದಾರದಂತಿದ್ದ ಅಂಗ ಕೊನೆಗೆ ಚಿಪ್ಪಿನೊಳಗಿನ ಬಹುಭಾಗವನ್ನು ತುಂಬಿಕೊಳ್ಳುತ್ತದೆ. ಕರಾವಳಿಯ ಏಡಿ ವ್ಯಾಪಾರಿಗಳು ಹೆಣ್ಣೇಡಿಯ ಬೆನ್ನಿನ ಚಿಪ್ಪು ಮತ್ತು ಹೊಟ್ಟೆಯ ಮುಚ್ಚಳ ಸೇರುವ ಸಂದಿನಲ್ಲಿ ನೋಡಿ ಒಳಗಿನ ಕಿತ್ತಳೆ ಬಣ್ಣವನ್ನು ಗುರುತಿಸಿ ದರ್ಜೆ ನಿರ್ಧರಿಸುತ್ತಾರೆ. ಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಅವರು ಬರಿಗಣ್ಣಿನಲ್ಲಿ ನೋಡುತ್ತಾರೆ.

ಗಂಡಿನ ಪಾತ್ರ ಇದಕ್ಕೂ ಮೊದಲೇ ಮುಗಿದಿರಬಹುದು. ಕೆಸರಿನ ಏಡಿಯಲ್ಲಿ ಹೆಣ್ಣು ಹಳೆಯ ಚಿಪ್ಪು ಕಳಚಿ ಮೈ ಮೆತ್ತಗಿರುವಾಗ ಕೂಡುವಿಕೆ ನಡೆಯುತ್ತದೆ. ಆಗ ಪಡೆದ ವೀರ್ಯವನ್ನು ಹೆಣ್ಣು ತನ್ನ ದೇಹದ ಚೀಲದಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳಬಲ್ಲದು. ಒಂದು ಕೂಡುವಿಕೆಯಿಂದ ಒಂದಕ್ಕಿಂತ ಹೆಚ್ಚು ಸಲ ತತ್ತಿ ಇಡುವುದೂ ಉಂಟು. ತತ್ತಿಗಳು ಹೊರಬರುವಾಗ ಫಲಿತವಾಗಿ, ಮುಚ್ಚಳದ ಅಡಿಯ ರೋಮಭರಿತ ಕಿರುಕಾಲುಗಳಿಗೆ ಗೊಂಚಲಾಗಿ ಅಂಟಿಕೊಳ್ಳುತ್ತವೆ. ಅಲ್ಲಿಂದ ಮರಿಯಾಗುವವರೆಗೆ ತಾಯಿ ಅವುಗಳನ್ನು ಹೊತ್ತು, ಮುಚ್ಚಳ ಅಲುಗಿಸಿ ನೀರಾಡಿಸುತ್ತಾ ಇರುತ್ತದೆ. ಹೊಸ ತತ್ತಿಗಳು ಕಿತ್ತಳೆ ಅಥವಾ ಹಳದಿಯಾಗಿರುತ್ತವೆ. ಒಳಗೆ ಭ್ರೂಣ ಬೆಳೆದು ಅದರ ಕಣ್ಣು ಮೂಡಿದಂತೆ ಬಣ್ಣ ಕಂದಾಗುತ್ತದೆ.

ಇಲ್ಲಿ ವ್ಯಾಪಾರಕ್ಕೆ ಅತ್ಯಗತ್ಯವಾದ ಒಂದು ಭೇದವಿದೆ. ಚಿಪ್ಪಿನೊಳಗೆ ಅಂಡಾಶಯ ತುಂಬಿದ ಸ್ಥಿತಿಯನ್ನು ಒಳತತ್ತಿ ಎಂದೂ, ಮುಚ್ಚಳದಡಿ ಗೊಂಚಲಾಗಿ ಹೊತ್ತ ಸ್ಥಿತಿಯನ್ನು ಹೊರತತ್ತಿ ಎಂದೂ ಈ ಲೇಖನದ ಮಟ್ಟಿಗೆ ಕರೆಯೋಣ. ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಒಳತತ್ತಿಗೆ. ಹೊರತತ್ತಿ ಬಂದ ಏಡಿಯ ಅಂಡಾಶಯ ಬರಿದಾಗಿರುತ್ತದೆ. ದೇಹದ ಸಾರವೆಲ್ಲ ಗೊಂಚಲಿಗೆ ಹೋಗಿರುತ್ತದೆ. ತಿನ್ನುವವನಿಗೆ ಅದರಲ್ಲಿ ರುಚಿಯೂ ಕಡಿಮೆ, ಮಾಂಸವೂ ಕಡಿಮೆ. ಈ ಭೇದಕ್ಕೆ ಮತ್ತೆ ಬರುತ್ತೇವೆ.

ಕಣ್ಣಿನ ದಂಟಿನಲ್ಲಿರುವ ಹತೋಟಿ

ತಯಾರಿಕೆ ಯಾವಾಗ ಆರಂಭವಾಗಬೇಕು, ಯಾವಾಗ ನಿಲ್ಲಬೇಕು ಎಂಬ ಹತೋಟಿ ಇರುವುದು ಏಡಿಯ ಕಣ್ಣನ್ನು ಹೊತ್ತ ದಂಟಿನಲ್ಲಿ. ಅಲ್ಲಿನ ಗ್ರಂಥಿಯಿಂದ ಅಂಡಾಶಯದ ಬೆಳವಣಿಗೆಯನ್ನು ತಡೆಯುವ ಹಾರ್ಮೋನೂ, ಚಿಪ್ಪು ಕಳಚುವುದನ್ನು ತಡೆಯುವ ಹಾರ್ಮೋನೂ ಸ್ರವಿಸುತ್ತವೆ. ಕಣ್ಣಿನ ದಂಟನ್ನು ತೆಗೆದರೆ ಅಂಡಾಶಯ ಅಕಾಲದಲ್ಲಿ ಬಲಿಯುತ್ತದೆಂಬುದನ್ನು ಫ್ರಾನ್ಸಿನ ಪಾನೂಸ್ ಎಂಬ ವಿಜ್ಞಾನಿ 1943ರಲ್ಲಿ ಸೀಗಡಿಯಲ್ಲಿ ತೋರಿಸಿದರು. ಸೀಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಈ ಕ್ರಮ ಬಹುಕಾಲದಿಂದ ಬಳಕೆಯಲ್ಲಿದೆ. ಇದಕ್ಕೆ ಎದುರಾಗಿ ಬೆಳವಣಿಗೆಯನ್ನು ಪ್ರಚೋದಿಸುವ ರಾಸಾಯನಿಕಗಳೂ ಇವೆ. ಅವುಗಳಲ್ಲಿ ಮಿಥೈಲ್ ಫಾರ್ನೆಸೊಯೇಟ್ ಎಂಬುದನ್ನು 1987ರಲ್ಲಿ ಅಮೆರಿಕದ ಸಂಶೋಧಕರು ಏಡಿಯಲ್ಲಿ ಗುರುತಿಸಿದರು. ಅದರ ಪರಿಣಾಮವನ್ನು ತಿರುಪತಿಯ ಸಂಶೋಧಕರು ಗದ್ದೆಯ ಏಡಿಯಲ್ಲಿ ಪರೀಕ್ಷಿಸಿದ್ದಾರೆ.

ಈ ವಿಷಯ ಯೋಜನಾ ವರದಿಗಳಲ್ಲಿ 'ಹಾರ್ಮೋನ್ ತಂತ್ರಜ್ಞಾನದಿಂದ ವರ್ಷವಿಡೀ ಮರಿ' ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಓದುವವರು ಒಂದು ಮಾತು ನೆನಪಿಡಬೇಕು. ಹತೋಟಿ ತೆಗೆದ ಮಾತ್ರಕ್ಕೆ ಗೋದಾಮಿನಲ್ಲಿ ಇಲ್ಲದ ಸರಕು ಹುಟ್ಟುವುದಿಲ್ಲ. ಚಿಪ್ಪು ಕಳಚಿ ಬೆಳೆಯುವುದಕ್ಕೂ ತತ್ತಿ ಕಟ್ಟುವುದಕ್ಕೂ ಒಂದೇ ಭಂಡಾರದಿಂದ ವೆಚ್ಚವಾಗಬೇಕು. ಎರಡನ್ನೂ ಒಟ್ಟಿಗೆ ಅವಸರಪಡಿಸಿದರೆ ಪ್ರಾಣಿಯೇ ಕುಸಿಯುತ್ತದೆ. ಗದ್ದೆಗೆ ಸಿಂಪಡಿಸುವ ಕೀಟನಾಶಕಗಳೂ ಇದೇ ಭಂಡಾರಕ್ಕೆ ಕೈಹಾಕುತ್ತವೆ: ವಿಷದ ಒತ್ತಡ ತಾಳಲು ಶಕ್ತಿ ವ್ಯಯವಾದಷ್ಟೂ ತತ್ತಿಗೆ ಉಳಿಯುವುದು ಕಡಿಮೆ.

ಕಡಲಿನ ಏಡಿಗೆ ಕಡಲೇ ಬೇಕು

ಈಗ ಲಕ್ಷಗಳ ಲೆಕ್ಕಕ್ಕೆ ಬರೋಣ. ಕೆಸರಿನ ಏಡಿ ಹತ್ತಾರು ಲಕ್ಷ ತತ್ತಿ ಹೊರುವುದು ನಿಜ. ಆದರೆ ಒಂದೊಂದು ತತ್ತಿಯ ಗಾತ್ರ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಅಷ್ಟು ಸಣ್ಣ ತತ್ತಿಯಲ್ಲಿ ಮರಿಗೆ ಕಟ್ಟಿಕೊಟ್ಟ ಬುತ್ತಿ ಅತ್ಯಲ್ಪ. ಹತ್ತು ಹನ್ನೆರಡು ದಿನಗಳಲ್ಲಿ ತತ್ತಿ ಒಡೆದು ಹೊರಬರುವುದು ಏಡಿಯ ಆಕಾರವೇ ಇಲ್ಲದ, ಜೋಯಿಯಾ ಎಂಬ ತೇಲುವ ಡಿಂಭ. ಅದು ಐದು ಹಂತಗಳನ್ನು ದಾಟಿ, ಅನಂತರ ಮೆಗಲೋಪ ಎಂಬ ಇನ್ನೊಂದು ರೂಪ ಪಡೆದು, ಆಮೇಲೆ ಏಡಿಮರಿಯಾಗಬೇಕು. ಇದಕ್ಕೆ ಮೂರು ನಾಲ್ಕು ವಾರಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ಬೇಕಾದುದು ಕಡಲಿನ ಉಪ್ಪು, ಅಂದರೆ ಲೀಟರಿಗೆ ಮೂವತ್ತು ಗ್ರಾಂ ಆಸುಪಾಸು. ಅದಕ್ಕಾಗಿಯೇ ಅಳಿವೆಯಲ್ಲಿ ಬೆಳೆದ ಹೆಣ್ಣೇಡಿ ತತ್ತಿ ಬಿಡಲು ತೆರೆದ ಸಮುದ್ರಕ್ಕೆ ವಲಸೆ ಹೋಗುತ್ತದೆ.

ಡಿಂಭಗಳಲ್ಲಿ ಬಹುಪಾಲು ಸಾಯುತ್ತವೆ. ತರಬೇತಿ ಪಡೆದ ಸಿಬ್ಬಂದಿಯಿರುವ ಮರಿ ಕೇಂದ್ರದಲ್ಲಿಯೂ ನೂರಕ್ಕೆ ಹತ್ತು ಉಳಿದರೆ ಅದು ಒಳ್ಳೆಯ ತಂಡವೆಂದೇ ಲೆಕ್ಕ. ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಕೈಹಾಕಿದ್ದು ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಂಗಸಂಸ್ಥೆಯಾದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ. ಅದರ ಏಡಿಮರಿ ಕೇಂದ್ರ ಇರುವುದು ತಮಿಳುನಾಡಿನ ಸೀರ್ಕಾಳಿ ಸಮೀಪದ ತೊಡುವಾಯ್ ಎಂಬ ಕಡಲತೀರದ ಗ್ರಾಮದಲ್ಲಿ. ಕಡಲತೀರದಲ್ಲಿ ಏಕೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಸಿಹಿನೀರಿನಲ್ಲಿ ಏಡಿ ಸಾಕುವ ಚೀನಾದ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿನ ರೋಮಗಾಲಿನ ಏಡಿ ಕೆರೆ ಹೊಂಡಗಳಲ್ಲಿ ವರ್ಷಕ್ಕೆ ಹಲವು ಲಕ್ಷ ಟನ್ನುಗಳಷ್ಟು ಬೆಳೆಯುವುದು ಸತ್ಯ. ಶರತ್ಕಾಲದಲ್ಲಿ ತತ್ತಿ ತುಂಬಿದ ಹೆಣ್ಣಿಗೆ ಅಲ್ಲಿ ಬಹಳ ಬೇಡಿಕೆ. ಆದರೆ ಆ ಏಡಿಯೂ ತತ್ತಿ ಬಿಡಲು ನದಿಯಿಳಿದು ಉಪ್ಪುನೀರಿಗೇ ಹೋಗುವ ಜಾತಿ; ಸಾಕಣೆಗಾರರಿಗೆ ಮರಿ ಬರುವುದು ಉಪ್ಪುನೀರು ಬಳಸುವ ಮರಿ ಕೇಂದ್ರಗಳಿಂದ. ನಮ್ಮಲ್ಲಿ ಹೆಸರಾದ ಸಿಹಿನೀರಿನ ದೊಡ್ಡ ಸೀಗಡಿಯ ಕಥೆಯೂ ಇದೇ. ಅದರ ಡಿಂಭಗಳಿಗೆ ಸ್ವಲ್ಪ ಉಪ್ಪುನೀರು ಬೇಕೇ ಬೇಕೆಂಬುದನ್ನು ಮಲೇಷ್ಯಾದಲ್ಲಿ ಲಿಂಗ್ ಎಂಬ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಮೇಲೆಯೇ ಅದರ ಸಾಕಣೆ ಉದ್ದಿಮೆಯಾಯಿತು.

ರಾಯಚೂರಿನಿಂದ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಕಡಲು ಮುನ್ನೂರು ಕಿಲೋಮೀಟರಿಗೂ ದೂರ. ಕಾಲುವೆಯ ಕೊನೆಯ ಭಾಗಗಳಲ್ಲಿ ಸವಳಾದ ಭೂಮಿಯಿದೆಯಲ್ಲ, ಅದರ ಉಪ್ಪುನೀರೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸವಳು ಭೂಮಿಯ ನೀರು ಕಡಲಿನ ನೀರಲ್ಲ. ಒಳನಾಡಿನ ಉಪ್ಪುನೀರಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶ್ ಅಂಶ ಕಡಿಮೆಯಿದ್ದು, ಲವಣಗಳ ಪ್ರಮಾಣವೇ ಬೇರೆಯಾಗಿರುತ್ತದೆ. ದೊಡ್ಡ ಏಡಿ ಹೇಗೋ ತಾಳಿಕೊಂಡೀತು, ಡಿಂಭ ತಾಳದು. ಹೊರಗಿನಿಂದ ಉಪ್ಪು ತಂದು ಬೆರೆಸಿದರೆ ಪಕ್ಕದ ಗದ್ದೆಗೆ ಉಪ್ಪು ಹತ್ತುವ ಹೊಣೆ ಯಾರದು? ಕರಾವಳಿಯ ಸೀಗಡಿ ಹೊಂಡಗಳಿಂದ ಕೃಷಿಭೂಮಿ ಮತ್ತು ಕುಡಿಯುವ ನೀರು ಕೆಟ್ಟ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1996ರಲ್ಲಿ ಕಠಿಣ ತೀರ್ಪು ಬಂದುದನ್ನು ಭತ್ತದ ನಾಡಿನವರಾದ ನಾವು ಮರೆಯಬಾರದು.

ಗದ್ದೆಯ ಏಡಿಯ ಸಣ್ಣ ಸಂಸಾರ

ಹಾಗಾದರೆ ಕಡಲಿನ ಹಂಗಿಲ್ಲದ ನಮ್ಮ ಸಿಹಿನೀರಿನ ಏಡಿಯನ್ನೇ ಸಾಕಬಾರದೇಕೆ? ಈ ಏಡಿ ಕಡಲನ್ನು ಪೂರ್ತಿಯಾಗಿ ಬಿಟ್ಟ ಪ್ರಾಣಿ. ಇದರ ಮರಿಗೆ ತೇಲುವ ಡಿಂಭಾವಸ್ಥೆಯಿಲ್ಲ. ಕಡಲಿನ ಏಡಿ ನೀರಿನಲ್ಲಿ ಕಳೆಯುವ ಹಂತಗಳನ್ನೆಲ್ಲ ಇದರ ಮರಿ ತತ್ತಿಯೊಳಗೇ ಮುಗಿಸಿ, ಕೈಕಾಲು ಕೊಂಡಿ ಸಹಿತ ಪುಟ್ಟ ಏಡಿಯಾಗಿಯೇ ಹೊರಬರುತ್ತದೆ. ಅಷ್ಟು ದಿನ ಒಳಗೆ ಬೆಳೆಯಲು ದೊಡ್ಡ ಬುತ್ತಿ ಬೇಕು; ಆದ್ದರಿಂದ ತತ್ತಿ ದೊಡ್ಡದು, ಕೆಲವು ಮಿಲಿಮೀಟರ್ ಗಾತ್ರದ್ದು. ತತ್ತಿ ದೊಡ್ಡದಾದರೆ ತಾಯಿಯ ಚಿಪ್ಪಿನಲ್ಲಿ ಹಿಡಿಯುವ ಸಂಖ್ಯೆ ಕಡಿಮೆ. ಲಕ್ಷಗಳಿರಲಿ, ಸಾವಿರಗಳೂ ಇಲ್ಲ. ಲೆಕ್ಕ ನೂರುಗಳಲ್ಲಿ ಮುಗಿಯುತ್ತದೆ.

ತಾಯಿ ಈ ಗೊಂಚಲನ್ನು ಹೊತ್ತು ಬಿಲದ ತೇವದಲ್ಲಿ ಉಳಿಯುತ್ತದೆ. ಮರಿಗಳು ಒಡೆದ ಮೇಲೂ ಕೆಲವು ಕಾಲ ಮುಚ್ಚಳದಡಿಯಲ್ಲೇ ಇದ್ದು, ಅನಂತರ ಒಂದೊಂದಾಗಿ ಇಳಿದು ಹೋಗುತ್ತವೆ. ಈ ದೃಶ್ಯವನ್ನು ನಮ್ಮ ಹಿರಿಯರು ಕಂಡಿದ್ದರು. ಆದರೆ ಬೇರೆ ಅರ್ಥ ಮಾಡಿದರು. ಏಡಿಯ ಮರಿಗಳು ತಾಯಿಯನ್ನೇ ತಿಂದು ಹೊರಬರುತ್ತವೆಂಬ ನಂಬಿಕೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕುಮಾರರನ್ನು ಹೆತ್ತವರನ್ನು ನುಂಗುವ ಏಡಿಗಳಿಗೆ ಹೋಲಿಸಿದ ಮಾತು ಬರುತ್ತದೆ. ಅದು ಭಾರದ್ವಾಜನೆಂಬ ಪೂರ್ವಾಚಾರ್ಯನ ಮತವೆಂದು ಅಲ್ಲಿ ಹೇಳಿದೆ. ತಾಯಿಯ ಹೊಟ್ಟೆಯಿಂದ ಮರಿಗಳು ಹರಿದು ಬರುವುದನ್ನೂ, ಬಿಲದ ಬಳಿ ಹಿಂಬದಿ ಬಿರಿದ ಖಾಲಿ ಚಿಪ್ಪು ಬಿದ್ದಿರುವುದನ್ನೂ ಒಟ್ಟಿಗೆ ನೋಡಿದವರು ಹೀಗೆ ತಿಳಿದಿದ್ದರೆ ಆಶ್ಚರ್ಯವಿಲ್ಲ. ಆ ಚಿಪ್ಪು ಸತ್ತ ತಾಯಿಯದಲ್ಲ. ಬೆಳೆಯುವ ಏಡಿ ಕಳಚಿಟ್ಟ ಹಳೆಯ ಕವಚ. ತಾಯಿ ಸಾಯುವುದಿಲ್ಲ, ಬದುಕಿದ್ದರೆ ಮುಂದೆಯೂ ತತ್ತಿ ಕಟ್ಟುತ್ತದೆ. ಈ ಸಣ್ಣ ತಿದ್ದುಪಡಿ ವ್ಯಾಪಾರದ ದೃಷ್ಟಿಯಿಂದ ದೊಡ್ಡದು. ಹೇಗೂ ಸಾಯುವ ತಾಯಿಯೆಂದು ಹಿಡಿದುಹಾಕುವುದಕ್ಕೆ ಆಧಾರವಿಲ್ಲ.

ಗದ್ದೆಯ ಏಡಿಯಿಂದ ರೈತನಿಗೆ ಕಿರಿಕಿರಿಯೂ ಉಂಟು. ಬದುವಿನಲ್ಲಿ ಬಿಲ ತೋಡಿ ನೀರು ಸೋರುವಂತೆ ಮಾಡುತ್ತದೆ. ಎಳೆಯ ಸಸಿಯನ್ನು ಕತ್ತರಿಸುತ್ತದೆ. ಅದೇ ಏಡಿ ಕೊಳೆತ ಎಲೆ, ಹುಳುಗಳನ್ನು ತಿಂದು ಮಣ್ಣು ತಿರುವುತ್ತದೆ. ಕೊಕ್ಕರೆಗೂ ಮೀನಿಗೂ ಆಹಾರವಾಗುತ್ತದೆ. ಮಳೆಗಾಲದಲ್ಲಿ ಬಡವರ ಮನೆಯ ಸಾರಿಗೆ ಕಾಸಿಲ್ಲದೆ ಒದಗುತ್ತದೆ. ಚೆನ್ನಾಗಿ ಬೇಯಿಸದ ಸಿಹಿನೀರಿನ ಏಡಿಯಿಂದ ಶ್ವಾಸಕೋಶದ ಹುಳುರೋಗ ತಗಲುವ ಸಾಧ್ಯತೆಯಿದೆ, ಮಣಿಪುರದಲ್ಲಿ ಅದು ಕಂಡುಬಂದಿದೆ ಎಂಬುದನ್ನು ಖಾನಾವಳಿ ನಡೆಸುವ ನಮ್ಮ ಸದಸ್ಯರು ಗಮನಿಸಬೇಕು.

ವರದಿಯ ಅಂಕಿಗಳನ್ನು ಪರೀಕ್ಷಿಸುವ ಬಗೆ

ಈಗ ಲೆಕ್ಕಕ್ಕೆ ಕೂರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗೆ ಹಿಡಿದವು. ಸದಸ್ಯರು ತಮ್ಮ ಊರಿನ ದರ ಹಾಕಿ ನೋಡಿಕೊಳ್ಳಬಹುದು.

ಸಿಹಿನೀರಿನ ಹೆಣ್ಣೇಡಿಗಳು 100. ಒಂದೊಂದಕ್ಕೆ 300 ತತ್ತಿ ಹಿಡಿದರೆ 30,000. ಹತ್ತರಲ್ಲಿ ಒಂದು ಮಾರಾಟದ ಗಾತ್ರಕ್ಕೆ ಬಂದರೆ 3,000 ಏಡಿ. ಒಂದರ ತೂಕ 50 ಗ್ರಾಂ ಎಂದರೆ 150 ಕಿಲೋ. ಕಿಲೋಗೆ 200 ರೂಪಾಯಿ ಸಿಕ್ಕರೂ ವರ್ಷದ ಒಟ್ಟು ಮಾರಾಟ 30,000 ರೂಪಾಯಿ. ಇದರಲ್ಲಿ ಒಬ್ಬ ಕಾವಲುಗಾರನ ವರ್ಷದ ಸಂಬಳವೂ ಹುಟ್ಟುವುದಿಲ್ಲ. ಹೋಗಲಿ, ಒಂದೂ ಸಾಯದೆ 30,000 ಮರಿಗಳೂ ಬೆಳೆದವೆನ್ನೋಣ. ಆಗ ಮಾರಾಟ 3,00,000 ರೂಪಾಯಿ. ಅದರೊಳಗೆ ಹೊಂಡದ ಬಡ್ಡಿ, ಆಹಾರ, ಕೂಲಿ, ವಿದ್ಯುತ್ತು ಎಲ್ಲವೂ ಬರಬೇಕು. ಒಂದೂ ಸಾಯದೆಂಬುದಂತೂ ಆಗದ ಮಾತು: ಚಿಪ್ಪು ಕಳಚಿ ಮೆತ್ತಗಾದ ಏಡಿಯನ್ನು ಪಕ್ಕದ ಏಡಿಯೇ ತಿನ್ನುತ್ತದೆ. ಒತ್ತಾಗಿ ಸಾಕಿದಷ್ಟೂ ಈ ನಷ್ಟ ಹೆಚ್ಚು.

ಇದೇ ಲೆಕ್ಕದಲ್ಲಿ 300ರ ಜಾಗದಲ್ಲಿ ಕಡಲಿನ ಏಡಿಯ 10,00,000 ಬರೆದರೆ ಏನಾಗುತ್ತದೆಂಬುದನ್ನು ಊಹಿಸಬಹುದು. ಹೊಂಡದಲ್ಲಿ ಒಂದು ಏಡಿ, ಕಾಗದದಲ್ಲಿ ಇನ್ನೊಂದು ಏಡಿ. ವರದಿಯ ಮೋಸ, ಅಥವಾ ಅಜ್ಞಾನ, ಇರುವುದು ಈ ಒಂದೇ ಸಾಲಿನಲ್ಲಿ.

ಆದ್ದರಿಂದ ಏಡಿ ಸಾಕಣೆಗೆ ಹಣ ಹೂಡುವ ಮೊದಲು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು:

1. ಏಡಿಯ ಜಾತಿಯ ಶಾಸ್ತ್ರೀಯ ಹೆಸರೇನು? ಅದು ತತ್ತಿ ಬಿಡುವುದು ಯಾವ ನೀರಿನಲ್ಲಿ?

2. ಮರಿ ಎಲ್ಲಿಂದ ಬರುತ್ತದೆ? ಮರಿ ಕೇಂದ್ರದಿಂದಲೋ, ಅಳಿವೆಯಲ್ಲಿ ಹಿಡಿದದ್ದೋ? ಸಾಗಣೆಯಲ್ಲಿ ಸತ್ತ ಮರಿಯ ನಷ್ಟ ಯಾರ ಪಾಲಿಗೆ?

3. ಬದುಕುಳಿಯುವ ಪ್ರಮಾಣವನ್ನು ಎಷ್ಟೆಂದು ಹಿಡಿದಿದ್ದಾರೆ? ಅದನ್ನು ಅರ್ಧಕ್ಕಿಳಿಸಿದರೆ ಸಾಲದ ಕಂತು ಕಟ್ಟಲು ಸಾಧ್ಯವೇ?

4. ಬೆಳೆದ ಏಡಿಯನ್ನು ಮರಳಿ ಕೊಳ್ಳುತ್ತೇವೆಂದು ಭರವಸೆ ಕೊಟ್ಟವರ ಬಳಿ ಆ ಕೊಳ್ಳುವಿಕೆಗೆ ಬೇಕಾದ ಬಂಡವಾಳವಿದೆಯೇ? ಅಥವಾ ಹೊಸ ಹೂಡಿಕೆದಾರರ ಮುಂಗಡವೇ ಅವರ ಬಂಡವಾಳವೇ?

ನಾಲ್ಕನೆಯದಕ್ಕೆ ತೃಪ್ತಿಕರ ಉತ್ತರ ಬಾರದಿದ್ದರೆ ಮೊದಲ ಮೂರನ್ನು ಓದುವ ಶ್ರಮವೂ ಬೇಡ. ಸರಕಾರದ ಸಹಾಯಧನ ದೊರೆಯುವುದೆಂಬ ಮಾತನ್ನು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ನೇರವಾಗಿ ಖಚಿತಪಡಿಸಿಕೊಳ್ಳಬೇಕು. ಜಲಕೃಷಿಯ ಆದಾಯವೆಲ್ಲ ಬೇಸಾಯದ ಆದಾಯದಂತೆ ತೆರಿಗೆಮುಕ್ತವೆಂದು ಭಾವಿಸುವುದೂ ಸರಿಯಲ್ಲ. ತಾಂತ್ರಿಕ ಸಲಹೆಗೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವಿದೆ. ನಮ್ಮ ಊರಿನಲ್ಲೇ 2009ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಒಂದು ದಿನದ ವಿಚಾರಣೆ ಹಲವು ವರ್ಷಗಳ ಬಡ್ಡಿಯನ್ನು ಉಳಿಸಬಲ್ಲದು.

ಮೂಲಧನ ಯಾವುದು, ಆದಾಯ ಯಾವುದು

ಸಾಕಣೆಯ ಮಾತು ಬಿಟ್ಟು ಹಿಡಿದು ಮಾರುವ ವ್ಯಾಪಾರಕ್ಕೆ ಬಂದರೆ, ಅಲ್ಲಿಯೂ ತತ್ತಿಯ ಲೆಕ್ಕವೇ ಮುಖ್ಯ. ಲೆಕ್ಕಶಾಸ್ತ್ರದ ಮೊದಲ ಪಾಠವೆಂದರೆ ಮೂಲಧನವನ್ನೂ ಆದಾಯವನ್ನೂ ಬೇರೆ ಬೇರೆಯಾಗಿ ಬರೆಯುವುದು. ದೊಡ್ಡ ಕಂಪನಿಗಳಿಗೆ 2015ರಲ್ಲಿ ಅಧಿಸೂಚಿತವಾದ ಭಾರತೀಯ ಲೆಕ್ಕಪತ್ರ ಮಾನದಂಡಗಳಲ್ಲಿ 41ನೆಯದು ಕೃಷಿಗೆ ಸಂಬಂಧಿಸಿದ್ದು. ಅದರಲ್ಲಿ ಜೀವಂತ ಪ್ರಾಣಿಯನ್ನು ಜೈವಿಕ ಆಸ್ತಿಯೆಂದೂ, ಅದರಿಂದ ಪಡೆದ ಫಲವನ್ನು ಉತ್ಪನ್ನವೆಂದೂ ಬೇರ್ಪಡಿಸಲಾಗಿದೆ. ಹಳ್ಳದ ಏಡಿಗೆ ಯಾರೂ ಜಮಾಖರ್ಚು ಬರೆಯುವುದಿಲ್ಲ. ಬರೆದಿದ್ದರೆ ಹೊರತತ್ತಿ ಹೊತ್ತ ಹೆಣ್ಣು ಮೂಲಧನದ ಕಡೆಗೆ ಬರುತ್ತಿತ್ತು. ಬೆಳೆದ ಗಂಡು ಆದಾಯದ ಕಡೆಗೆ.

ಹೊರದೇಶಗಳು ಈ ಭೇದವನ್ನು ಕಾನೂನಿನಲ್ಲಿ ಬರೆದಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕೆಸರಿನ ಏಡಿಯ ಹೆಣ್ಣನ್ನು ಹಿಡಿದು ಇಟ್ಟುಕೊಳ್ಳುವುದೇ ನಿಷಿದ್ಧ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ನೀಲಿ ಏಡಿಯ ಸಂತತಿ ಕುಸಿದಾಗ ವರ್ಜೀನಿಯಾ ರಾಜ್ಯವು 2008ರಲ್ಲಿ ಚಳಿಗಾಲದ ಬಲೆಗಾರಿಕೆಯನ್ನು ನಿಲ್ಲಿಸಿತು. ಏಕೆಂದರೆ ಆ ಕಾಲದಲ್ಲಿ ಕೆಸರಿನಿಂದ ಎದ್ದು ಬರುತ್ತಿದ್ದವು ಬಹುಪಾಲು ಹೆಣ್ಣುಗಳೇ. ಲಕ್ಷಾಂತರ ತತ್ತಿ ಇಡುವ ಕಡಲಿನ ಏಡಿಗೇ ಇಷ್ಟು ಎಚ್ಚರ ಬೇಕಾದರೆ, ನೂರುಗಳಲ್ಲಿ ತತ್ತಿ ಇಡುವ ನಮ್ಮ ಏಡಿಯ ಗತಿಯೇನು? ಕಡಲಿನಲ್ಲಿ ಒಂದು ಕಡೆ ಬರಿದಾದರೆ ತೇಲುವ ಡಿಂಭ ಇನ್ನೊಂದು ಕಡೆಯಿಂದ ಬಂದು ತುಂಬೀತು. ನಮ್ಮ ಹಳ್ಳದ ಮರಿ ತಾಯಿಯ ಬಿಲದಿಂದ ನಡೆದು ಹೋಗುವಷ್ಟೇ ದೂರ ಹೋಗುತ್ತದೆ. ಒಂದು ಹಳ್ಳ ಬರಿದಾದರೆ ಅದು ಬಹುಕಾಲ ಬರಿದೇ.

2009ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಅಂದಿಗೆ ತಿಳಿದಿದ್ದ ಸುಮಾರು 1,280 ಸಿಹಿನೀರಿನ ಏಡಿ ಜಾತಿಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಸುಮಾರು ಅರ್ಧದಷ್ಟರ ಸ್ಥಿತಿ ನಿರ್ಧರಿಸಲು ಸಾಕಷ್ಟು ಮಾಹಿತಿಯೇ ಇರಲಿಲ್ಲ. ದಾಸ್ತಾನು ಎಣಿಸದ ಅಂಗಡಿಯಲ್ಲಿ ಕೊರತೆ ತಿಳಿಯುವುದು ಕಪಾಟು ಖಾಲಿಯಾದ ದಿನವೇ.

ನಮ್ಮ ವ್ಯಾಪಾರಿಗಳು ಮಾಡಬಹುದಾದ ಕೆಲಸ ಸಣ್ಣದು, ಖರ್ಚಿಲ್ಲದ್ದು. ಸಂತೆಗೆ ಏಡಿ ತರುವವರಿಂದ ಕೊಳ್ಳುವಾಗ ಮುಚ್ಚಳದಡಿ ತತ್ತಿಯೋ ಮರಿಯೋ ಇರುವ ಹೆಣ್ಣನ್ನು ಕೊಳ್ಳುವುದಿಲ್ಲವೆಂದು ಹೇಳಬೇಕು. ಹಿಡಿದ ಜಾಗದಲ್ಲೇ ಬಿಟ್ಟುಬರಲು ತಿಳಿಸಬೇಕು. ಮೊದಲೇ ಹೇಳಿದಂತೆ ಹೊರತತ್ತಿಯ ಏಡಿಯಲ್ಲಿ ಮಾಂಸ ಕಡಿಮೆ, ಬೆಲೆಯೂ ಕಡಿಮೆ. ತಕ್ಕಡಿಯಲ್ಲಿ ಅದರ ತೂಕ ಕೆಲವು ರೂಪಾಯಿ. ಹಳ್ಳದಲ್ಲಿ ಅದರ ತೂಕ ಮುಂದಿನ ವರ್ಷದ ಬುಟ್ಟಿ. ಬಿಟ್ಟುಕೊಟ್ಟದ್ದಕ್ಕಿಂತ ಉಳಿಸಿಕೊಂಡದ್ದು ಹೆಚ್ಚಾಗುವ ವ್ಯವಹಾರ ವಾಣಿಜ್ಯದಲ್ಲಿ ಅಪರೂಪ, ಇದು ಅಂಥದೊಂದು.

ಬೀಜದ ಜೋಳವನ್ನು ಬೀಸಿ ಉಣ್ಣಬಾರದೆಂದು ನಮ್ಮ ರೈತರಿಗೆ ಯಾವ ಲೆಕ್ಕಪರಿಶೋಧಕನೂ ಹೇಳಿಕೊಡಲಿಲ್ಲ. ಬರಗಾಲದಲ್ಲಿಯೂ ಅವರು ಆ ಚೀಲದ ಬಾಯಿ ಬಿಚ್ಚಲಿಲ್ಲ. ಗಂಜಿನಲ್ಲಿ ಕುಳಿತ ನಾವು, ಕಾಗದದ ಮೇಲಿನ ಲಕ್ಷ ತತ್ತಿಗಳಿಗೆ ಹಣ ಹೂಡುವ ಮುನ್ನವೂ, ಬುಟ್ಟಿಯಲ್ಲಿ ಬಂದ ತತ್ತಿಯ ತಾಯಿಗೆ ಬೆಲೆ ಕಟ್ಟುವ ಮುನ್ನವೂ ಅಷ್ಟೇ ಯೋಚಿಸಿದರೆ ಸಾಕು.